ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇಲ್ಲವೆಂದೇ ಹೇಳಬೇಕು. ಕೇಳುವ ಕಿವಿಯಿಲ್ಲದವನ ಎದುರಿಗೆ ಮನಸ್ಸನ್ನು ತೋಡಿಕೊಂಡು ಬರಿಗೈಯಲ್ಲಿ ಹಿಂತಿರುಗಿದವನನ್ನು ಕುರಿತ ಮಾತು ಅದು. ಯಾರಾದರೂ ನನ್ನ ಎದುರಿಗೆ ಈ ಗಾದೆಯನ್ನು ಆಡಿದರೆ ನನಗೆ ಈಗಲೂ ಸ್ವಲ್ಪ ಮುಜುಗರವಾಗುವುದುಂಟು. ಏಕೆಂದರೆ ಒಂದು ಕಾಲದಲ್ಲಿ ನಾನೇ ಸುಂಕದವನಾಗಿದ್ದೆ. ಒಂದು ಸಣ್ಣ ಪಟ್ಟಣದ ಅಂಚಿನಲ್ಲಿ, ತಗಡಿನ ಸೂರಿನ ಆಕ್ಟ್ರಾಯ್ ಗೇಟಿನಲ್ಲಿ, ರಸೀತಿ ಪುಸ್ತಕ ಹಿಡಿದು ಕೂತ ಗುಮಾಸ್ತ ನಾನು. ೧೯೭೯ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾಯಿತು. ನನ್ನ ಗೇಟೂ ಎದ್ದಿತು, ನಾನೂ ಬೇರೆ ಶಾಖೆಗೆ ಹೋದೆ. ನಿವೃತ್ತನಾದ ಮೇಲೆ ಮಗ ಮನೆ ಕಟ್ಟಿದ ಕಡೆಗೆ ಬಂದು ಸೇರಿಕೊಂಡೆ. ಆ ಬಡಾವಣೆಯ ಹೆಸರು ಸುಂಕದಕಟ್ಟೆ! ಹಳೆಯ ಉದ್ಯೋಗ ನೆರಳಿನಂತೆ ಬೆನ್ನುಹತ್ತಿ ಬಂದಿತೆಂದು ಮನೆಯವರೆಲ್ಲ ನಕ್ಕರು.

ಈ ಹೆಸರು ಗಣಿತದ ಒಂದು ತೊಡಕನ್ನು ಬಿಡಿಸಿಕೊಟ್ಟ ಬಗೆಯನ್ನೂ, ಆ ನೆಪದಲ್ಲಿ ನಾನು ಓದಿಕೊಂಡ ಸ್ವಲ್ಪ ಇತಿಹಾಸವನ್ನೂ ವಾಚಕರ ಮುಂದೆ ಇಡಬೇಕೆಂಬುದು ನನ್ನ ಉದ್ದೇಶ.

ನನ್ನ ಮೊಮ್ಮಗಳು ಮೊದಲನೆಯ ಪಿ.ಯು.ಸಿ. ಓದುತ್ತಿದ್ದಾಳೆ. ಒಂದು ಸಂಜೆ ಗ್ರಾಫ್ ಹಾಳೆಯನ್ನು ಹಿಡಿದುಕೊಂಡು ನನ್ನ ಕುರ್ಚಿಯ ಬಳಿಗೆ ಬಂದಳು. ಹಾಳೆಯ ಮೇಲೆ ಕೆಂಪು ಶಾಯಿಯ ಒಂದು ದೊಡ್ಡ ತಪ್ಪುಗುರುತಿತ್ತು.

"ತಾತ, ಎರಡು ಲೆಕ್ಕದಲ್ಲೂ ಮೂರು ಕೂಡಿಸು ಅಂತಲೇ ಇದೆ. ಒಂದರಲ್ಲಿ ನಕ್ಷೆ ಪಕ್ಕಕ್ಕೆ ಹೋಗುತ್ತಂತೆ, ಇನ್ನೊಂದರಲ್ಲಿ ಮೇಲಕ್ಕೆ ಹೋಗುತ್ತಂತೆ. ಯಾಕೆ ಅಂತ ಕೇಳಿದರೆ, ಅದು ನಿಯಮ, ಬಾಯಿಪಾಠ ಮಾಡು ಅಂತಾರೆ."

ನಾನು ಹಾಳೆಯನ್ನು ನೋಡಿದೆ. ಪಾಠದ ವಿಷಯ ನಿರಪೇಕ್ಷ ಬೆಲೆ. ಒಂದು ಸಂಖ್ಯೆಯನ್ನು ಎರಡು ನೆಟ್ಟನೆಯ ಗೆರೆಗಳ ನಡುವೆ ನಿಲ್ಲಿಸಿದರೆ ಅದರ ಧನ ಋಣ ಚಿಹ್ನೆ ಬಿದ್ದುಹೋಗಿ ಬರಿಯ ಗಾತ್ರ ಉಳಿಯುತ್ತದೆ. |೫| ಎಂದರೂ ೫, |−೫| ಎಂದರೂ ೫. ಇದರ ನಕ್ಷೆ ಬರೆದರೆ ಎರಡು ರೆಕ್ಕೆಗಳನ್ನು ಚಾಚಿದ ಹಕ್ಕಿಯಂತೆ, ಇಂಗ್ಲಿಷಿನ 'ವಿ' ಅಕ್ಷರದ ಆಕಾರ ಬರುತ್ತದೆ. ಇಷ್ಟು ನನಗೂ ನೆನಪಿತ್ತು. ಆದರೆ ಅವಳ "ಯಾಕೆ" ಎಂಬುದಕ್ಕೆ ಉತ್ತರ ಹೊಳೆಯಲಿಲ್ಲ. "ನಾಳೆ ಹೇಳುತ್ತೇನಮ್ಮ" ಎಂದು ಮಾತು ತೇಲಿಸಿದೆ.

ಮರುದಿನ ಬೆಳಿಗ್ಗೆ ಮಾಗಡಿ ರಸ್ತೆಯಲ್ಲಿ ಹಾಲು ತರಲು ಹೋದಾಗ ಬಸ್ಸೊಂದರ ನೆತ್ತಿಯ ಮೇಲೆ ನಮ್ಮ ಊರಿನ ಹೆಸರು ಕಂಡಿತು. ನಿತ್ಯವೂ ಕಾಣುವ ಹೆಸರೇ. ಅಂದು ಮಾತ್ರ ಅದನ್ನು ಎರಡಾಗಿ ಒಡೆದು ಓದಿಕೊಂಡೆ: ಸುಂಕದ ಕಟ್ಟೆ. ಉತ್ತರ ಅಲ್ಲಿಯೇ ಇತ್ತು.

ಸುಂಕ ಎಂಬುದು ಸಂಸ್ಕೃತದ ಶುಲ್ಕದಿಂದ ಬಂದ ತದ್ಭವ. ಮಾತು ಹೊರಗಿನಿಂದ ಬಂದರೂ ವಸ್ತು ನಮ್ಮ ನಾಡಿನಲ್ಲಿ ಬಹು ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಪೆರ್ಜುಂಕ ಎಂದರೆ ಹಿರಿಯ ಸುಂಕ. ಅದೇ ಮುಂದೆ ಹೆಜ್ಜುಂಕವಾಯಿತು. ಸುಂಕವನ್ನು ನೋಡಿಕೊಳ್ಳುವ ಅಧಿಕಾರಿ ಸುಂಕವೆರ್ಗಡೆ. ವಿಜಯನಗರದ ಕಾಲಕ್ಕೆ ಬರುವ ಹೊತ್ತಿಗೆ ಊರೊಳಗೆ ಮಾರುವ ಸರಕಿನ ಮೇಲೆ ಸ್ಥಳದಾಯ, ಊರನ್ನು ಹಾದುಹೋಗುವ ಸರಕಿನ ಮೇಲೆ ಮಾರ್ಗದಾಯ ಎಂದು ಬೇರೆ ಬೇರೆ ಹೆಸರುಗಳೇ ಹುಟ್ಟಿದುವು.

ನಮ್ಮ ಕಟ್ಟೆ ನಿಂತಿರುವ ದಾರಿಯೂ ಸಾಮಾನ್ಯವಾದುದಲ್ಲ. ೧೫೩೭ರಲ್ಲಿ ಕೆಂಪೇಗೌಡರು ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದರು. ೧೬೩೮ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನಿಗೆ ಬೆಂಗಳೂರನ್ನು ಬಿಟ್ಟುಕೊಡಬೇಕಾಗಿ ಬಂದಾಗ ಆ ವಂಶ ಮಾಗಡಿಯನ್ನು ತನ್ನ ನೆಲೆ ಮಾಡಿಕೊಂಡಿತು. ಹಾಗೆ ಒಂದೇ ವಂಶದ ಎರಡು ರಾಜಧಾನಿಗಳನ್ನು ಕೂಡಿಸುವ ದಾರಿ ಇದು. ಪೇಟೆಯಿಂದ ಹೊರಟರೆ ಈ ದಾರಿಯಲ್ಲಿ ಮೊದಲು ಸಿಗುವುದು ಟೋಲ್‌ಗೇಟ್. ಅಲ್ಲಿಂದ ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಕೊಟ್ಟಿಗೆಪಾಳ್ಯಗಳನ್ನು ದಾಟಿದರೆ ಸುಂಕದಕಟ್ಟೆ. ಒಂದು ಹೆಸರು ಇಂಗ್ಲಿಷು, ಒಂದು ಕನ್ನಡ, ಅರ್ಥ ಒಂದೇ. ಕಟ್ಟೆಯೂ ಇಲ್ಲ, ಗೇಟೂ ಇಲ್ಲ; ಎರಡು ಬಸ್ ನಿಲ್ದಾಣಗಳ ಹೆಸರಾಗಿ ಮಾತ್ರ ಸುಂಕ ಉಳಿದುಕೊಂಡಿದೆ.

ಈಗ ಲೆಕ್ಕಕ್ಕೆ ಬರೋಣ. ಕಟ್ಟೆಯ ಮೇಲೆ ಸುಂಕದವನು ಕೂತಿದ್ದಾನೆ ಎಂದು ಭಾವಿಸಿರಿ. ಅವನ ಬಲಕ್ಕೆ, ಮೂಡಲಿಗೆ, ಬೆಂಗಳೂರು ಪೇಟೆ. ಎಡಕ್ಕೆ, ಪಡುವಲಿಗೆ, ಮಾಗಡಿ. ಪೇಟೆಯ ಕಡೆಯ ಮೈಲಿಗಳನ್ನು ಧನವೆಂದೂ ಮಾಗಡಿಯ ಕಡೆಯ ಮೈಲಿಗಳನ್ನು ಋಣವೆಂದೂ ಎಣಿಸೋಣ. ಕಟ್ಟೆಯೇ ಸೊನ್ನೆ. ಕಟ್ಟೆಯಲ್ಲಿ ಸರಕು ಹೇರಿಕೊಂಡು ಹೊರಡುವ ಎತ್ತಿನ ಗಾಡಿಗೆ ಮೈಲಿಗೆ ಒಂದಾಣೆ ಬಾಡಿಗೆ ಎಂದಿಟ್ಟುಕೊಂಡರೆ, ಪೇಟೆಯ ಕಡೆಗೆ ೫ ಮೈಲಿ ಹೋದವನು ೫ ಆಣೆ ಕೊಡುತ್ತಾನೆ. ಮಾಗಡಿಯ ಕಡೆಗೆ ೫ ಮೈಲಿ ಹೋದವನು ಋಣ ೫ ಆಣೆ ಕೊಡುತ್ತಾನೆಯೇ? ಗಾಡಿಯವನು ಒಪ್ಪಿಯಾನೆಯೇ? ಅವನೂ ೫ ಆಣೆಯನ್ನೇ ಕೊಡಬೇಕು. ದಿಕ್ಕು ಯಾವುದಾದರೂ ಎತ್ತಿನ ಕಾಲಿಗೆ ಸವೆತ ಒಂದೇ. ದೂರವನ್ನು 'ದೂ' ಎಂದು ಕರೆದರೆ, ಬಾಡಿಗೆ |ದೂ|. ಅಡ್ಡಗೆರೆಯ ಮೇಲೆ ದೂರವನ್ನೂ ನಿಂತ ಗೆರೆಯ ಮೇಲೆ ಆಣೆಗಳನ್ನೂ ಗುರುತಿಸುತ್ತ ಹೋದರೆ, ಕಟ್ಟೆಯಲ್ಲಿ ಸೊನ್ನೆಯನ್ನು ಮುಟ್ಟಿ ಎರಡು ಕಡೆಗೂ ಸಮನಾಗಿ ಏರುವ 'ವಿ' ಆಕಾರ ತಾನಾಗಿ ಮೂಡುತ್ತದೆ. ಆ ಆಕೃತಿಯ ಕೊನೆಮೊನೆ ಬೇರೆಲ್ಲಿಯೂ ಅಲ್ಲ, ಸುಂಕದಕಟ್ಟೆಯಲ್ಲಿ!

ಇನ್ನು ಸುಂಕ. ದಿಕ್ಕನ್ನು ಕೇಳದೆ, ದೂರವನ್ನು ಕೇಳದೆ, ಕಟ್ಟೆಯಿಂದ ಹೊರಡುವ ಪ್ರತಿಯೊಂದು ಗಾಡಿಗೂ ಮೂರಾಣೆ ಸುಂಕ ಎಂದಿಟ್ಟುಕೊಳ್ಳೋಣ. ಈಗ ಒಟ್ಟು ಖರ್ಚು |ದೂ| + ೩. ಐದು ಮೈಲಿಯವನಿಗೆ ೮ ಆಣೆ, ಹತ್ತು ಮೈಲಿಯವನಿಗೆ ೧೩ ಆಣೆ. ಹೊರಟು ನಾಲ್ಕು ಹೆಜ್ಜೆಯನ್ನೂ ಇಡದೆ ಕಟ್ಟೆಯಲ್ಲೇ ಸರಕು ಇಳಿಸಿದವನಿಗೂ ೩ ಆಣೆ. ನಕ್ಷೆಯ ಒಂದೊಂದು ಬಿಂದುವೂ ತಾನಿದ್ದ ಜಾಗದಿಂದ ನೆಟ್ಟಗೆ ಮೂರು ಮನೆ ಮೇಲಕ್ಕೆ ಏರಿತು. ರೆಕ್ಕೆಗಳ ಇಳಿಜಾರು ಬದಲಾಗಲಿಲ್ಲ, ಏಕೆಂದರೆ ಮೈಲಿಯ ದರ ಬದಲಾಗಿಲ್ಲ. ಎಡಬಲದ ಸಮತೆ ಕೆಡಲಿಲ್ಲ, ಏಕೆಂದರೆ ಕಟ್ಟೆ ತನ್ನ ಜಾಗದಲ್ಲೇ ಇದೆ. ಹಕ್ಕಿಯನ್ನು ರೆಕ್ಕೆ ಮುದುಡಿಸದೆ ಎತ್ತಿ ಒಂದು ಮೆಟ್ಟಿಲು ಮೇಲೆ ಕೂರಿಸಿದ ಹಾಗೆ.

ಹಾಗಾದರೆ |ದೂ + ೩| ಎಂದರೇನು? ಇಲ್ಲಿ ಮೂರು ಸೇರಿದ್ದು ಗೆರೆಗಳ ಒಳಗೆ. ಎಂದರೆ ಆಣೆಗಳಿಗಲ್ಲ, ಮೈಲಿಗಳಿಗೆ. ಖರ್ಚು ಸೊನ್ನೆಯಾಗಬೇಕಾದರೆ 'ದೂ' ಋಣ ೩ ಆಗಬೇಕು. ಎಂದರೆ ಹೊರಡುವ ಜಾಗವೇ ಮಾಗಡಿಯ ಕಡೆಗೆ ಮೂರು ಮೈಲಿ ಸರಿದಿದೆ. ಕೂಡಿಸಿದರೂ ನಕ್ಷೆ ಎಡಕ್ಕೆ ಹೋಗುವ ವಿಚಿತ್ರದ ಗುಟ್ಟು ಇಷ್ಟೇ. ಒಳಗೆ ಕೂಡಿಸಿದರೆ ಕಟ್ಟೆ ಜರುಗುತ್ತದೆ, ಹೊರಗೆ ಕೂಡಿಸಿದರೆ ಸುಂಕ ಏರುತ್ತದೆ. ಊರು ಬೆಳೆದಂತೆ ನನ್ನ ಆಕ್ಟ್ರಾಯ್ ಗೇಟನ್ನು ಒಂದು ಸಲ ಅರ್ಧ ಮೈಲಿ ಹೊರಕ್ಕೆ ಹಾಕಿದರು. ಇನ್ನೊಂದು ಸಲ ಗೇಟು ಇದ್ದಲ್ಲೇ ಇದ್ದು ದರ ಹೆಚ್ಚಾಯಿತು. ಎರಡು ಸಲವೂ ಗಾಡಿಯವರು ಗೊಣಗಿದರು. ಆದರೆ ಎರಡು ಗೊಣಗಾಟಗಳ ಕಾರಣ ಬೇರೆ ಬೇರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟು ಹೇಳಿದಾಗ ಮೊಮ್ಮಗಳ ಮುಖ ಅರಳಿತು. ನನ್ನ ಕುತೂಹಲ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಚಿಹ್ನೆಯನ್ನು ಅಳಿಸಿಹಾಕುವ ಈ ಗೆರೆಗಳನ್ನು ಮೊದಲು ಎಳೆದವರು ಯಾರು? ಅದಕ್ಕೂ ಮುಂಚೆ, ಅಳಿಸುವುದಕ್ಕೆ ಚಿಹ್ನೆಯನ್ನು ಕೊಟ್ಟವರು ಯಾರು? ಇದನ್ನು ಹುಡುಕಹೋದಾಗ ದಾರಿ ಮತ್ತೆ ನಮ್ಮ ನಾಡನ್ನೇ ಹಾದುಹೋಯಿತು.

ಧನ ಎಂದರೆ ಸ್ವತ್ತು, ಋಣ ಎಂದರೆ ಸಾಲ. ಗಣಿತದ ಈ ಎರಡು ಪಾರಿಭಾಷಿಕ ಪದಗಳು ಮನೆಯ ಲೆಕ್ಕದಿಂದಲೇ ಬಂದುವು. ಭಿಲ್ಲಮಾಲದ ಬ್ರಹ್ಮಗುಪ್ತನು ೬೨೮ರಲ್ಲಿ ಬರೆದ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಧನ, ಋಣ, ಸೊನ್ನೆಗಳನ್ನು ಕೂಡಿ ಕಳೆದು ಗುಣಿಸುವ ನಿಯಮಗಳನ್ನು ಕೊಟ್ಟನು. ಎರಡು ಋಣಗಳ ಗುಣಲಬ್ಧ ಧನ ಎಂಬುದೂ ಅವುಗಳಲ್ಲಿ ಒಂದು. ಅಲ್ಲಿಂದ ಎರಡು ಶತಮಾನಗಳಾದ ಮೇಲೆ, ಸುಮಾರು ೮೫೦ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಬರೆದನು. ಗ್ರಂಥದ ಮೊದಲಲ್ಲಿ ಆ ದೊರೆಯ ಸ್ತುತಿಯಿದೆ. 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ಕಾಲದಲ್ಲೇ ಈ ಲೆಕ್ಕದ ಪುಸ್ತಕವೂ ಹುಟ್ಟಿತೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಜಗತ್ತಿನ ವಿದ್ವಾಂಸರ ಕಣ್ಣು ಅದರ ಮೇಲೆ ಬಿದ್ದಿತು.

ಮಹಾವೀರನು ನಮ್ಮ ವಿಷಯಕ್ಕೆ ಬಹಳ ಹತ್ತಿರದ ಒಂದು ಮಾತನ್ನು ಹೇಳಿದ್ದಾನೆ. ಧನವನ್ನು ವರ್ಗ ಮಾಡಿದರೂ ಧನ, ಋಣವನ್ನು ವರ್ಗ ಮಾಡಿದರೂ ಧನ. ಆದ್ದರಿಂದ ಋಣವು ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲವೂ ಇಲ್ಲ ಎಂಬುದು ಅವನ ಅಭಿಪ್ರಾಯದ ಸಾರ. ಇದನ್ನೇ ತಿರುಗಿಸಿ ನೋಡಿರಿ. ಒಂದು ಸಂಖ್ಯೆಯನ್ನು ವರ್ಗ ಮಾಡಿ, ಬಂದುದರ ಧನಮೂಲವನ್ನು ತೆಗೆದರೆ ಹಳೆಯ ಸಂಖ್ಯೆಯ ಗಾತ್ರ ಮಾತ್ರ ಮರಳಿ ಬರುತ್ತದೆ. ಚಿಹ್ನೆ ದಾರಿಯಲ್ಲೇ ಕಳೆದುಹೋಗಿರುತ್ತದೆ. ಇಂದಿನ ಪಠ್ಯಪುಸ್ತಕ ನಿರಪೇಕ್ಷ ಬೆಲೆಗೆ ಕೊಡುವ ಇನ್ನೊಂದು ವ್ಯಾಖ್ಯೆ ಇದೇ. ವರ್ಗ ಮಾಡುವುದೆಂದರೆ ಸುಂಕದವನ ಕಟ್ಟೆಯನ್ನು ಹಾದುಬರುವುದು: ಸುಖವೋ ದುಃಖವೋ, ಆಚೆಗೆ ಬರುವಾಗ ಒಂದೇ ಮುಖ.

ಕಳೆದುಹೋದ ಚಿಹ್ನೆಗಾಗಿ ಹಿಂತಿರುಗಿ ನೋಡಿದವನು ಭಾಸ್ಕರಾಚಾರ್ಯ. ೧೧೧೪ರಲ್ಲಿ ಹುಟ್ಟಿದ ಆತ ತಾನು ಸಹ್ಯಾದ್ರಿಯ ಸಮೀಪದ ವಿಜ್ಜಡವಿಡದವನೆಂದು ಹೇಳಿಕೊಂಡಿದ್ದಾನೆ; ಅದು ನಮ್ಮ ವಿಜಯಪುರವೇ ಎಂದು ನಂಬುವ ಕನ್ನಡಿಗರು ಹಲವರು. ೧೧೫೦ರ ಸುಮಾರಿನ ಅವನ 'ಬೀಜಗಣಿತ'ದಲ್ಲಿ ಋಣಸಂಖ್ಯೆಯ ಗುರುತು ಅದರ ತಲೆಯ ಮೇಲಿನ ಒಂದು ಚುಕ್ಕೆ. ಆ ಪುಸ್ತಕದಲ್ಲಿ ಒಂದು ಕಪಿಗಳ ಲೆಕ್ಕವಿದೆ. ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು, ಉಳಿದುದನ್ನು ವರ್ಗ ಮಾಡಿದರೆ ಎಷ್ಟೋ ಅಷ್ಟು ಕಪಿಗಳು ಗವಿಗೆ ಹೋದುವು; ಕೊಂಬೆಯ ಮೇಲೆ ಒಂದು ಮಾತ್ರ ಕಾಣುತ್ತಿದೆ. ಹಿಂಡಿನಲ್ಲಿ ಎಷ್ಟು ಕಪಿಗಳು?

ಲೆಕ್ಕ ಮಾಡಿದರೆ ಎರಡು ಉತ್ತರಗಳು ಬರುತ್ತವೆ: ೫೦ ಮತ್ತು ೫. ಐವತ್ತು ಸರಿಯಾಗಿದೆ. ಐದನೆಯ ಒಂದು ಭಾಗ ೧೦, ಮೂರು ಕಳೆದರೆ ೭, ವರ್ಗ ೪೯, ಕೊಂಬೆಯದು ಒಂದು. ಐದನ್ನು ಹಾಕಿ ನೋಡಿದರೂ ಲೆಕ್ಕ ಕೂಡುತ್ತದೆ. ಐದನೆಯ ಒಂದು ಭಾಗ ೧, ಮೂರು ಕಳೆದರೆ ಋಣ ೨, ವರ್ಗ ೪, ಕೊಂಬೆಯದು ಸೇರಿ ೫. ಆದರೆ ಭಾಸ್ಕರನು ಎರಡನೆಯ ಉತ್ತರವನ್ನು ಬೇಡವೆನ್ನುತ್ತಾನೆ. ಒಂದು ಕಪಿಯಲ್ಲಿ ಮೂರು ಕಪಿಗಳನ್ನು ಕಳೆಯುವುದೆಂದರೇನು? ಋಣವಾಗಿ ನಿಂತ ವಸ್ತುವಿನಲ್ಲಿ ಲೋಕಕ್ಕೆ ನಂಬಿಕೆಯಿಲ್ಲ ಎಂಬುದು ಅವನ ಕಾರಣ. ವರ್ಗವು ಚಿಹ್ನೆಯನ್ನು ನುಂಗಿ ಎರಡು ಉತ್ತರಗಳನ್ನೂ ಒಂದೇ ಸಮನೆ ಮುಂದಿಟ್ಟರೂ, ಅವುಗಳಲ್ಲಿ ಯಾವುದು ಯಾವ ದಾರಿಯಿಂದ ಬಂದಿತೆಂದು ವಿಚಾರಿಸುವ ಕೆಲಸ ಮನುಷ್ಯನಿಗೆ ಉಳಿಯುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ನಮ್ಮ ಕಟ್ಟೆಯಲ್ಲಿಯೂ ಹಾಗೆಯೇ. ೮ ಆಣೆಯ ರಸೀತಿ ಕೈಯಲ್ಲಿದ್ದರೆ ಗಾಡಿ ೫ ಮೈಲಿ ಹೋಯಿತೆಂದು ತಿಳಿಯುತ್ತದೆ; ಪೇಟೆಗೆ ಹೋಯಿತೋ ಮಾಗಡಿಗೆ ಹೋಯಿತೋ ತಿಳಿಯದು. ಅದನ್ನು ಗಾಡಿಯವನನ್ನೇ ಕೇಳಬೇಕು.

ಇವೆಲ್ಲ ಸಂಸ್ಕೃತದ ಗ್ರಂಥಗಳಾದುವು. ೧೨ನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನ ಕವಿ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದನು. ಹೆಸರೇ ತಿಳಿಸುವಂತೆ ಅದು ಕೊಡುಕೊಳ್ಳುವ ಜನರಿಗಾಗಿ ಬರೆದ ಗಣಿತ. ಲೆಕ್ಕವನ್ನು ಅಂಗಡಿಯ ಮಾತಿನಲ್ಲಿ ಹೇಳುವುದು ಕೀಳಲ್ಲವೆಂದು ಎಂಟುನೂರು ವರ್ಷಗಳ ಹಿಂದೆಯೇ ತಿಳಿದವರು ಒಪ್ಪಿದ್ದರು. ಮೊಮ್ಮಗಳಿಗೆ ಆಣೆ ಮೈಲಿಗಳಲ್ಲಿ ನಕ್ಷೆ ಹೇಳಿಕೊಟ್ಟ ನನಗೆ ಇದರಿಂದ ಸ್ವಲ್ಪ ಧೈರ್ಯ ಬಂದಿತು.

ಧನ ಋಣಗಳು ನಮ್ಮಲ್ಲಿ ಇದ್ದುವು, ನಕ್ಷೆ ಇರಲಿಲ್ಲ. ಅದು ಬಂದುದು ಯೂರೋಪಿನಿಂದ. ೧೬೩೭ರಲ್ಲಿ ಫ್ರಾನ್ಸಿನ ಡೇಕಾರ್ಟ್ ತನ್ನ 'ಜ್ಯಾಮಿತಿ'ಯನ್ನು ಪ್ರಕಟಿಸಿ, ಸಮೀಕರಣಕ್ಕೂ ವಕ್ರರೇಖೆಗೂ ಮದುವೆ ಮಾಡಿಸಿದನು. ಆದರೆ ಆ ಮಹಾಶಯನಿಗೂ ಋಣಮೂಲಗಳು ಸುಳ್ಳು ಮೂಲಗಳಾಗಿಯೇ ಕಂಡುವು. ಸೊನ್ನೆಯ ಎಡಗಡೆಯೂ ಕೆಳಗಡೆಯೂ ಬಲಗಡೆಯಷ್ಟೇ ನಿಜವೆಂದು ತಿಳಿದು ನಾಲ್ಕು ಕಡೆಗೂ ಕ್ರಮವಾಗಿ ವಕ್ರರೇಖೆಗಳನ್ನು ಎಳೆದವನು ನ್ಯೂಟನ್. ಆ ಬರಹ ೧೭೦೪ರಲ್ಲಿ ಅಚ್ಚಾಯಿತು. ಎಡಗಡೆ ಇಲ್ಲದಿದ್ದರೆ 'ವಿ' ಆಕಾರ ಎಲ್ಲಿಂದ ಬರಬೇಕು? ಹಕ್ಕಿಗೆ ಒಂದೇ ರೆಕ್ಕೆಯಾಗುತ್ತಿತ್ತು. ಮಾಗಡಿಯ ದಿಕ್ಕೇ ಇಲ್ಲದ ಮಾಗಡಿ ರಸ್ತೆಯಾಗುತ್ತಿತ್ತು.

ಎರಡು ನೆಟ್ಟನೆಯ ಗೆರೆಗಳನ್ನು ಎಳೆದವನು ಜರ್ಮನಿಯ ಕಾರ್ಲ್ ವೈಯರ್‌ಸ್ಟ್ರಾಸ್. ೧೮೪೧ರಲ್ಲಿ, ಶಾಲೆಯ ಉಪಾಧ್ಯಾಯನಾಗುವ ಪರೀಕ್ಷೆಯನ್ನು ಮುಗಿಸಿದ ಕಾಲದಲ್ಲಿ, ಆತ ಬರೆದ ಒಂದು ಪ್ರಬಂಧದಲ್ಲಿ ಈ ಗುರುತು ಇದೆ. ಪ್ರಬಂಧ ಅಚ್ಚಾದುದು ೧೮೯೪ರಲ್ಲಿ, ಅವನ ಸಮಗ್ರ ಗ್ರಂಥಗಳ ಮೊದಲ ಸಂಪುಟದೊಡನೆ. ನಡುವೆ ಹಲವು ವರ್ಷ ಆತ ಸಣ್ಣ ಊರುಗಳ ಶಾಲೆಗಳಲ್ಲಿ ಗಣಿತದ ಜೊತೆಗೆ ಅಕ್ಷರ ದುಂಡಗೆ ಬರೆಯುವುದನ್ನೂ ಅಂಗಸಾಧನೆಯನ್ನೂ ಕಲಿಸಬೇಕಾಗಿತ್ತು. ರಾತ್ರಿ ಕೂತು ಮಾಡಿದ ಗಣಿತ ಮುಂದೆ ಅವನನ್ನು ಬರ್ಲಿನ್ನಿನ ಪ್ರಾಧ್ಯಾಪಕನನ್ನಾಗಿ ಮಾಡಿತು.

ಅವನಿಗೆ ಈ ಗೆರೆಗಳು ಏಕೆ ಬೇಕಾದುವು? ಒಂದು ಬೆಲೆ ಇನ್ನೊಂದು ಬೆಲೆಗೆ ಎಷ್ಟು ಹತ್ತಿರ ಬಂದಿತು ಎಂಬುದು ಆ ಕಾಲದ ಗಣಿತದ ದೊಡ್ಡ ಪ್ರಶ್ನೆಯಾಗಿತ್ತು. ತಕ್ಕಡಿಯಲ್ಲಿ ತೂಗುವವನು ಮುಳ್ಳು ಎಡಕ್ಕೆ ವಾಲಿತೋ ಬಲಕ್ಕೆ ವಾಲಿತೋ ಎಂಬುದನ್ನು ಬಿಟ್ಟು, ಎಷ್ಟು ವಾಲಿತು ಎಂದು ಮಾತ್ರ ಕೇಳಬೇಕಾದ ಸಂದರ್ಭಗಳು ಇರುತ್ತವೆಯಲ್ಲವೇ? ಹತ್ತಿರವನ್ನು ನಿಖರವಾಗಿ ಅಳೆಯಬೇಕಾದರೆ ದಿಕ್ಕನ್ನು ಮರೆಯಲೇಬೇಕು. ಚಿಹ್ನೆಯನ್ನು ಅಳಿಸುವುದು ಅಲ್ಲಿ ಅನ್ಯಾಯವಲ್ಲ, ಅವಶ್ಯಕತೆ.

ಆದರೆ ಎಲ್ಲೆಲ್ಲಿಯೂ ಹಾಗಲ್ಲ. ಮತ್ತೆ ಕಟ್ಟೆಗೆ ಬಂದು ಆ ಮೇಲಕ್ಕೆ ಎತ್ತಿದ ನಕ್ಷೆಯನ್ನು ನೋಡೋಣ. |ದೂ| + ೩ ಎಲ್ಲಿ ಸೊನ್ನೆಯಾಗುತ್ತದೆ? ಎಲ್ಲಿಯೂ ಇಲ್ಲ. ನಕ್ಷೆ ಅಡ್ಡಗೆರೆಯನ್ನು ಮುಟ್ಟುವುದೇ ಇಲ್ಲ. ಸುಂಕ ಇರುವವರೆಗೆ ಪುಕ್ಕಟೆ ಹೋಗುವ ಜಾಗ ಭೂಮಿಯ ಮೇಲೆ ಇಲ್ಲ ಎಂದಾಯಿತು. ಆ ಮೂರಾಣೆಯ ಭಾರವಾದರೂ ಎಲ್ಲರಿಗೂ ಒಂದೇ ಸಮವೇ? ಹನ್ನೆರಡು ಮೈಲಿ ಹೋಗುವ ವರ್ತಕನಿಗೆ ಅದು ಬಾಡಿಗೆಯ ಕಾಲು ಪಾಲು. ಒಂದು ಮೈಲಿ ಆಚೆಯ ಹಳ್ಳಿಯವನಿಗೆ ಬಾಡಿಗೆಯ ಮೂರರಷ್ಟು. ನಕ್ಷೆಯಲ್ಲಿ ಎಲ್ಲರೂ ಮೂರೇ ಮನೆ ಏರಿದರು. ಬದುಕಿನಲ್ಲಿ ಹತ್ತಿರದವನು, ಸಣ್ಣವನು, ಹೆಚ್ಚು ಏರಿದ.

ಈಗ ಮೂರನ್ನು ಕಳೆಯೋಣ: |ದೂ| − ೩. ಸುಂಕವನ್ನು ಎತ್ತಿಹಾಕಿದ್ದಲ್ಲದೆ ಬಾಡಿಗೆಯಲ್ಲೂ ಮೂರಾಣೆ ಸೋಡಿ ಬಿಟ್ಟರು ಎಂದಿಟ್ಟುಕೊಳ್ಳಿರಿ. ಮೊನೆ ಅಡ್ಡಗೆರೆಯ ಕೆಳಗೆ ಮೂರು ಮನೆ ಇಳಿಯಿತು. ಆಗ ಎರಡು ರೆಕ್ಕೆಗಳೂ ಅಡ್ಡಗೆರೆಯನ್ನು ಒಂದೊಂದು ಕಡೆ ಕತ್ತರಿಸುತ್ತವೆ: ಪೇಟೆಯ ಕಡೆಗೆ ೩ ಮೈಲಿಯಲ್ಲಿ, ಮಾಗಡಿಯ ಕಡೆಗೆ ೩ ಮೈಲಿಯಲ್ಲಿ. ಒಂದೂ ಇರದ ಕಡೆ ಎರಡು ಪುಕ್ಕಟೆ ಊರುಗಳು ಹುಟ್ಟಿದುವು! ಅವೆರಡರ ನಡುವೆ ಖರ್ಚು ಋಣವಾಗುತ್ತದೆ. ಗಾಡಿಯವನೇ ಹಣ ಕೊಟ್ಟು ಸರಕು ಸಾಗಿಸಬೇಕು. ಲೋಕಕ್ಕೆ ನಂಬಿಕೆಯಿಲ್ಲದ ಮಾತು ಎಂದು ಭಾಸ್ಕರನು ತಲೆಯಾಡಿಸುತ್ತಿದ್ದನೇನೋ. ಗಣಿತಕ್ಕೆ ಮಾತ್ರ ಅದರಿಂದ ಏನೂ ತೊಂದರೆಯಿಲ್ಲ. ಮೂಲನಕ್ಷೆಗೆ ಸೊನ್ನೆ ಒಂದು, ಮೇಲೆತ್ತಿದ್ದಕ್ಕೆ ಒಂದೂ ಇಲ್ಲ, ಕೆಳಗಿಳಿಸಿದ್ದಕ್ಕೆ ಎರಡು. ಪರೀಕ್ಷೆಯಲ್ಲಿ ಕೇಳುವುದು ಇಷ್ಟನ್ನೇ.

ಸುಂಕವನ್ನು ಇಳಿಸಿದ ಕಥೆಯೂ ನಮ್ಮ ಇತಿಹಾಸದಲ್ಲಿ ಉಂಟು. ದೇವಾಲಯಕ್ಕಾಗಿ ಸುಂಕವನ್ನು ಬಿಟ್ಟುಕೊಟ್ಟ, ಸುಂಕದ ಆದಾಯವನ್ನೇ ದತ್ತಿಯಾಗಿ ಕೊಟ್ಟ ಶಾಸನಗಳು ಕನ್ನಡನಾಡಿನಲ್ಲಿ ಹೇರಳವಾಗಿವೆ. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ೭೬೯ ಚಿಲ್ಲರೆ ಕರಗಳು ರದ್ದಾದುವೆಂದು ಲೆಕ್ಕವಿದೆ. ೧೯೭೯ರಲ್ಲಿ ಆಕ್ಟ್ರಾಯ್ ಹೋಗಿ ಅದರ ಬದಲು ಪ್ರವೇಶ ತೆರಿಗೆ ಬಂದಿತು, ೨೦೧೭ರಲ್ಲಿ ಜಿ.ಎಸ್.ಟಿ. ಬಂದು ಅದನ್ನೂ ನುಂಗಿತು. ಸುಂಕ ಪೂರ್ತಿ ಹೋಯಿತೆಂದು ಯಾರೂ ಹೇಳಲಾರರು. ಹೆಸರು ಬದಲಾಯಿಸಿಕೊಂಡು ಅಲ್ಲಲ್ಲಿ ಕೂತಿದೆ. ಆದರೆ ಊರ ಬಾಗಿಲಲ್ಲಿ ರಸೀತಿ ಪುಸ್ತಕ ಹಿಡಿದು ಗಾಡಿ ತಡೆಯುವ ಮನುಷ್ಯ ಹೋದ.

ಆ ಮನುಷ್ಯನ ಒಂದು ನೆನಪನ್ನು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಕಟ್ಟೆಯ ಹೆಸರನ್ನು ಒಡೆದು ಓದಿದಾಗಿನಿಂದ ಅದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ನಾನು ಗೇಟಿನಲ್ಲಿದ್ದ ಎರಡನೆಯ ವರ್ಷ. ಇರುಳೆಲ್ಲ ಮಳೆ ಹೊಯ್ದು ಬೆಳಗಾಗಿತ್ತು. ಮೊದಲು ಬಂದ ಗಾಡಿಯಲ್ಲಿ ಮದುವೆಮನೆಗೆ ಹೋಗುವ ಬೆಲ್ಲ, ಅಕ್ಕಿ, ಬಾಳೆಗೊನೆಗಳು. ಗಾಡಿಯ ಯಜಮಾನ ನಗುನಗುತ್ತ ಹಣ ಎಣಿಸಿ, "ಸ್ವಾಮಿ, ನೀವೂ ಊಟಕ್ಕೆ ಬರಬೇಕು" ಎಂದು ಕರೆದು ಹೋದ. ಅವನ ಹಿಂದೆಯೇ ಇನ್ನೊಂದು ಬೆಲ್ಲದ ಗಾಡಿ. ಮೂಟೆಗಳಿಂದ ಕರಗಿದ ಬೆಲ್ಲ ಹಲಗೆಯ ಸಂದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಎತ್ತುಗಳ ಬಾಲಕ್ಕೆ ನೊಣ ಮುತ್ತಿದ್ದುವು. ಗಾಡಿಯವನು ವಯಸ್ಸಾದವನು. ಹಳ್ಳದಲ್ಲಿ ಗಾಡಿ ಸಿಕ್ಕಿಕೊಂಡು ರಾತ್ರಿಯೆ‌ಲ್ಲ ಅಲ್ಲೇ ನಿಂತದ್ದು, ಮೇಲೆ ಹೊದಿಸಿದ ಚಾಪೆ ಹಾರಿಹೋದದ್ದು, ಈ ಬೆಲ್ಲವನ್ನು ಮಂಡಿಯಲ್ಲಿ ಯಾರೂ ಮುಟ್ಟಲಾರರೆಂಬುದು, ಸಾಲ ಮಾಡಿ ಗಾಣ ಆಡಿಸಿದ್ದು, ಎಲ್ಲವನ್ನೂ ಹೇಳಿಕೊಂಡ. ನಾನು ಕೇಳಿದೆ. ಕೇಳಲಿಲ್ಲವೆಂದು ಹೇಳಲಾರೆ. ದರಪಟ್ಟಿಯಲ್ಲಿ ಬೆಲ್ಲದ ಗಾಡಿಗೆ ಇಷ್ಟು ಎಂದಿತ್ತು. ಒಣ ಬೆಲ್ಲಕ್ಕೆ ಇಷ್ಟು, ನೆನೆದ ಬೆಲ್ಲಕ್ಕೆ ಇಷ್ಟು ಎಂದಿರಲಿಲ್ಲ. ರಸೀತಿ ಹರಿದು ಕೊಟ್ಟೆ. ಮದುವೆಯವನ ರಸೀತಿಗೂ ಅವನ ರಸೀತಿಗೂ ಅಂಕಿಯಲ್ಲಿ ವ್ಯತ್ಯಾಸವಿರಲಿಲ್ಲ. ಅವನು ಅದನ್ನು ಮಡಿಸಿ ಪೇಟದ ಅಂಚಿಗೆ ಸಿಕ್ಕಿಸಿಕೊಂಡು, ಒಂದು ಮಾತನ್ನೂ ಆಡದೆ ಗಾಡಿ ಹೊಡೆದ.

ನಾನು ಮಾಡಿದುದು ಕಾನೂನಿಗೆ ಸರಿಯಾಗಿತ್ತು. ಮೇಲಿನವರಿಗೆ ಒಂದು ಚೀಟಿ ಬರೆದು ಕೇಳಬಹುದಾಗಿತ್ತು. ಗಾಡಿಯನ್ನು ಅರ್ಧ ಗಂಟೆ ಪಕ್ಕಕ್ಕೆ ನಿಲ್ಲಿಸಿದ್ದರೆ ಸಾಕಿತ್ತು. ಆ ಯೋಚನೆ ನನಗೆ ಬಂದುದು ಗಾಡಿ ತಿರುವು ದಾಟಿದ ಮೇಲೆ. ಗಣಿತ ಚಿಹ್ನೆಯನ್ನು ಅಳಿಸುವಾಗ, ಅಳಿಸಿದ್ದೇನೆಂದು ಎರಡು ಗೆರೆ ಎಳೆದು ಪ್ರಾಮಾಣಿಕವಾಗಿ ತೋರಿಸುತ್ತದೆ. ನನ್ನ ರಸೀತಿಯಲ್ಲಿ ಅಂಥ ಗೆರೆಗಳು ಇರಲಿಲ್ಲ.

ಇದನ್ನು ಮೊಮ್ಮಗಳಿಗೂ ಹೇಳಿದೆ. ಅವಳು ಹೊಸ ಗ್ರಾಫ್ ಹಾಳೆಯಲ್ಲಿ ಮೂರು ನಕ್ಷೆಗಳನ್ನು ಒಂದರ ಮೇಲೊಂದು ಬರೆಯುತ್ತಿದ್ದಳು. ಮೂರರ ರೆಕ್ಕೆಗಳೂ ಒಂದಕ್ಕೊಂದು ಸಮಾಂತರವಾಗಿ ಚೆನ್ನಾಗಿ ಬಂದಿದ್ದುವು. ಮೊನೆಗಳ ಬಳಿ ಸೊನ್ನೆ, ಮೂರು, ಋಣ ಮೂರು ಎಂದು ಗುರುತು ಹಾಕಿ ಪೆನ್ಸಿಲನ್ನು ಕೆಳಗಿಟ್ಟಳು.

"ಆ ಬೆಲ್ಲದ ತಾತನ ಹತ್ತಿರ ಎಷ್ಟು ತೊಗೊಂಡ್ರಿ ತಾತ?"

"ಎಲ್ಲರ ಹತ್ತಿರ ಎಷ್ಟೋ ಅಷ್ಟೇ ಕಣಮ್ಮ" ಎಂದೆ.